ಮತ್ತೆ ಟ್ರಕ್ ಕಿಟ್ ಕೈಗೆತ್ತಿಕೊಂಡವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಡಬ್ಬಿಯಲ್ಲಿ ಬಿಡಿ ಭಾಗಗಳಾಗಿ ಬರುವ ಕಿಟ್ ತಂದು ಅಮೆರಿಕದ ದೊಡ್ಡ ಟ್ರಕ್ಕುಗಳ ಪ್ಲಾಸ್ಟಿಕ್ ಮಾಡೆಲ್ ಕಟ್ಟುವವರಿಗಾಗಿ. ಮುಂದೆ ಎಳೆಯುವ ಟ್ರ್ಯಾಕ್ಟರ್, ಹಿಂದೆ ಉದ್ದನೆಯ ಟ್ರೇಲರ್, ಒಟ್ಟು ಹದಿನೆಂಟು ಗಾಲಿ. ಅಲ್ಲಿನವರು ಸೆಮಿ ಅನ್ನುವುದು ಇದಕ್ಕೇ. ಚಿಕ್ಕವರಿದ್ದಾಗ ಒಂದೆರಡು ಕಟ್ಟಿ, ಆಮೇಲೆ ಕೆಲಸ, ಸಂಸಾರ ಅಂತ ಬಿಟ್ಟು, ಈಗ ಮತ್ತೆ ಕೈ ತುರಿಸುತ್ತಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಎಷ್ಟೋ ವರ್ಷ ಆಯ್ತು ಬಿಟ್ಟು. ಎಲ್ಲ ಮೊದಲಿಂದ ಕಲೀಬೇಕಾ?

ಬೇಡ. ವಿಚಿತ್ರ ಅಂದರೆ ಈ ಹವ್ಯಾಸದಲ್ಲಿ ಕಿಟ್ ಬದಲಾಗಿದ್ದು ಕಮ್ಮಿ. ಇವತ್ತು ಅಂಗಡಿಯಲ್ಲಿ ಹೊಸ ಡಬ್ಬಿಯಲ್ಲಿ ಸಿಗುವ ಪೀಟರ್‌ಬಿಲ್ಟ್ 359 ಟ್ರಕ್ಕಿನ ಕಿಟ್ ಆಗಲಿ, ಕೆನ್‌ವರ್ತ್ ಡಬ್ಲ್ಯು-925 ಟ್ರಕ್ಕಿನದಾಗಲಿ, ಹುಟ್ಟಿದ್ದು 1970ರ ಆಸುಪಾಸಿನಲ್ಲಿ. ಅದೇ ವಿನ್ಯಾಸ, ಅದೇ ಭಾಗಗಳು, ಬಹಳಷ್ಟು ಕಡೆ ಅದೇ ತರಲೆಗಳು.

ಬದಲಾಗಿರುವುದು ಗಮ್, ಬಣ್ಣ, ಉಪಕರಣ. ಹಾಗಾಗಿ ನಿಮ್ಮ ಹಳೇ ನೆನಪು ಕೆಲಸಕ್ಕೆ ಬರುತ್ತದೆ, ಹಳೇ ಅಭ್ಯಾಸ ಬರುವುದಿಲ್ಲ. ಮರಳಿ ಬಂದವರು ಎಡವುವುದು ಸಾಮಾನ್ಯವಾಗಿ ಅಲ್ಲೇ. ಟ್ಯೂಬ್ ಗಮ್ ಹಿಂಡಿ, ಎಲ್ಲ ಅಂಟಿಸಿ, ಕೊನೆಗೆ ಬ್ರಷ್‌ನಲ್ಲಿ ಬಣ್ಣ ಬಳಿಯುವ ಆ ಕ್ರಮ ಬಿಟ್ಟುಬಿಡಿ, ಅರ್ಧ ಗೆದ್ದ ಹಾಗೆ.

ಹಳೇ ಕಂಪನಿಗಳೆಲ್ಲ ಇನ್ನೂ ಇವೆಯಾ?

ಹೆಸರುಗಳು ಇವೆ, ಮಾಲೀಕರು ಬದಲಾಗಿದ್ದಾರೆ.

ಟ್ರಕ್ ಕಿಟ್ ಅಂದರೆ ಮೊದಲು ನೆನಪಾಗುವುದು ಎಎಂಟಿ. 1948ರಲ್ಲಿ ಮಿಷಿಗನ್‌ನಲ್ಲಿ ಶುರುವಾದ ಕಂಪನಿ. 1978ರಲ್ಲಿ ಮ್ಯಾಚ್‌ಬಾಕ್ಸ್ ಕಾರು ಮಾಡುತ್ತಿದ್ದ ಇಂಗ್ಲೆಂಡಿನ ಲೆಸ್ನಿ ಅದನ್ನು ಕೊಂಡಿತು. ಎಂಬತ್ತರ ದಶಕದಲ್ಲಿ ಅಯೋವಾದ ಅರ್ಟೆಲ್ ಕೈಗೆ ಹೋಯಿತು. ನಿಮ್ಮ ಅಟ್ಟದ ಮೇಲಿನ ಡಬ್ಬಿಯಲ್ಲಿ 'ಎಎಂಟಿ/ಅರ್ಟೆಲ್' ಅಂತ ಇದ್ದರೆ ಅದು ಆ ಕಾಲದ್ದು. ಈಗ ಇಂಡಿಯಾನಾದ ರೌಂಡ್ 2 ಕಂಪನಿ ಎಎಂಟಿ ಹೆಸರಲ್ಲಿ ಹಳೇ ಕಿಟ್‌ಗಳನ್ನು ಒಂದೊಂದಾಗಿ ಮತ್ತೆ ತರುತ್ತಿದೆ. ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಹೆಸರು, ಗುರುತುಗಳ ಹಾಳೆ) ಹೊಸದು, ಟೈರ್ ಅನೇಕ ಸಲ ಹೊಸದು, ಡಬ್ಬಿಯ ಮೇಲಿನ ಚಿತ್ರ ಮಾತ್ರ ಬೇಕಂತಲೇ ಹಳೇದು. ಚಿತ್ರ ನೋಡಿಯೇ ದುಡ್ಡು ತೆಗೆಯುವವರು ನಾವು ಅಂತ ಅವರಿಗೆ ಚೆನ್ನಾಗಿ ಗೊತ್ತು.

ರೆವೆಲ್ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 2018ರಲ್ಲಿ ಅದರ ಮಾತೃ ಕಂಪನಿ ದಿವಾಳಿಯಾದ ಮೇಲೆ ಈಗ ಜರ್ಮನಿಯ ಕಡೆಯವರು ನಡೆಸುತ್ತಿದ್ದಾರೆ. ಪೀಟರ್‌ಬಿಲ್ಟ್ 359 ಮತ್ತು ಕೆನ್‌ವರ್ತ್ ಡಬ್ಲ್ಯು900 ಎರಡನ್ನೂ ಅವರು ಮಾಡಿದ್ದಾರೆ. ಇಟಲಿಯ ಇಟಾಲೆರಿ ಯುರೋಪಿನ ಟ್ರಕ್ಕುಗಳಿಗೆ ಹೆಸರುವಾಸಿ, ಆದರೆ ಫ್ರೈಟ್‌ಲೈನರ್, ವೆಸ್ಟರ್ನ್ ಸ್ಟಾರ್, ಪೀಟರ್‌ಬಿಲ್ಟ್ 378 ಕೂಡ ತಂದಿದೆ. ಆಮೇಲೆ ಮೋಬಿಯಸ್. ನೀವು ಬಿಟ್ಟ ಕಾಲದಲ್ಲಿ ಈ ಹೆಸರೇ ಇರಲಿಲ್ಲ. 2008ರಲ್ಲಿ ಹೊರಬಂದ ಇಂಟರ್‌ನ್ಯಾಷನಲ್ ಲೋನ್‌ಸ್ಟಾರ್ ಟ್ರಕ್ಕನ್ನು ಹೊಚ್ಚ ಹೊಸ ಅಚ್ಚಿನಲ್ಲಿ ಮಾಡಿದವರು ಇವರು.

ಸರಿ, ಮೊದಲು ಯಾವುದನ್ನು ಕಟ್ಟಲಿ?

ಎಲ್ಲರ ಆಸೆ ಎಎಂಟಿಯ 359 'ಕ್ಯಾಲಿಫೋರ್ನಿಯಾ ಹಾಲರ್' ಮೇಲೆ. ನನ್ನ ಸಲಹೆ, ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಕಿಟ್ ಚೆನ್ನಾಗಿಲ್ಲ ಅಂತಲ್ಲ. ಭಾಗಗಳು ಜಾಸ್ತಿ, ಚಾಸಿಸ್ ಬಿಡಿ ಬಿಡಿಯಾಗಿ ಬರುತ್ತದೆ, ತುಕ್ಕು ಹಿಡಿದ ಕೈಗೆ ಮೊದಲ ವಾರವೇ ಸಾಕಪ್ಪಾ ಅನ್ನಿಸಿಬಿಡಬಹುದು. ಇಷ್ಟಪಟ್ಟ ಕಿಟ್ಟಿನ ಮೇಲೆ ಬೇಜಾರು ಬಂದರೆ ಅದು ಮತ್ತೆ ಅಟ್ಟ ಸೇರುತ್ತದೆ.

ಮೊದಲಿಗೆ ಟ್ರೇಲರ್ ಇಲ್ಲದ ಬರೀ ಟ್ರ್ಯಾಕ್ಟರ್ ಸಾಕು. ರೆವೆಲ್‌ನ ಡಬ್ಲ್ಯು900 ಒಳ್ಳೇ ಆಯ್ಕೆ. ಟ್ರಕ್ಕಿಗೂ ಮೊದಲು ಕೈ ಪಳಗಬೇಕು ಅನ್ನುವವರು ಒಂದು ಮಾಮೂಲಿ ಕಾರ್ ಕಿಟ್ ಕಟ್ಟಿಬಿಡಿ. ಅದರ ಬೆಲೆಯೂ ಕಮ್ಮಿ, ಕೆಟ್ಟರೂ ಹೊಟ್ಟೆ ಉರಿಯುವುದಿಲ್ಲ.

1/24, 1/25 ಎರಡೂ ಇವೆಯಲ್ಲ, ಬೆರೆಸಬಹುದಾ?

ಬೆರೆಸಬಹುದು, ಆದರೆ ಎಲ್ಲಿ ಅಂತ ನೋಡಿಕೊಂಡು. 1/25 ಅಂದರೆ ನಿಜವಾದ ಟ್ರಕ್ಕಿನ ಇಪ್ಪತ್ತೈದನೇ ಒಂದು ಭಾಗದ ಅಳತೆ.

ಅಮೆರಿಕದ ಕಂಪನಿಗಳು 1/25 ಹಿಡಿದವು. ಡೆಟ್ರಾಯಿಟ್‌ನ ಕಾರ್ ಕಂಪನಿಗಳು ಶೋರೂಮಿನಲ್ಲಿ ಕೊಡಲು ಮಾಡಿಸುತ್ತಿದ್ದ ಪುಟ್ಟ ಕಾರುಗಳು ಆ ಅಳತೆಯಲ್ಲಿದ್ದವು, ಎಎಂಟಿ ಬೆಳೆದಿದ್ದೇ ಆ ಕೆಲಸದಿಂದ. ಇಟಾಲೆರಿಯವರು 1/24. ವ್ಯತ್ಯಾಸ ಶೇ. 4ರಷ್ಟು. ಕ್ಯಾಬ್ ಒಳಗಿನ ಸೀಟು, ಎಂಜಿನ್, ಡೀಸೆಲ್ ಟ್ಯಾಂಕ್ ಇಂಥವನ್ನು ಒಂದರಿಂದ ಇನ್ನೊಂದಕ್ಕೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ 53 ಅಡಿಯ ಟ್ರೇಲರ್ 1/25ರಲ್ಲಿ 64.6 ಸೆಂ.ಮೀ. ಬಂದರೆ 1/24ರಲ್ಲಿ 67.3 ಸೆಂ.ಮೀ. ಬರುತ್ತದೆ. ಅಗಲದಲ್ಲೂ ನಾಲ್ಕು ಮಿಲಿಮೀಟರ್ ಹೆಚ್ಚು. 1/25ರ ಟ್ರ್ಯಾಕ್ಟರ್ ಹಿಂದೆ 1/24ರ ಟ್ರೇಲರ್ ನಿಲ್ಲಿಸಿ ಮುಂದಿನಿಂದ ನೋಡಿ, ಟ್ರೇಲರ್ ಎರಡೂ ಕಡೆ ಇಣುಕುತ್ತದೆ. ಉಲ್ಟಾ ಮಾಡಿದರೆ ಅಷ್ಟು ಕಾಣುವುದಿಲ್ಲ.

ಗಾಲಿಯ ವಿಷಯದಲ್ಲಿ ಮಾತ್ರ ಹುಷಾರು. ಒಂದೇ ಟ್ರಕ್ಕಿನಲ್ಲಿ ಎರಡು ಕಿಟ್ಟಿನ ಟೈರ್ ಬೆರೆಸಿದರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ.

ಮನೆಯಲ್ಲಿ ಎಷ್ಟು ಜಾಗ ಬೇಕು?

ಕಟ್ಟಲು ಬೇಕಾದ ಜಾಗ ಕಮ್ಮಿ. ಇಡಲು ಬೇಕಾದದ್ದೇ ಜಾಸ್ತಿ. ಟ್ರ್ಯಾಕ್ಟರ್ ಒಂದು ಅಡಿ ಆಸುಪಾಸು. 40 ಅಡಿಯ ಟ್ರೇಲರ್ ಸೇರಿದರೆ ಎರಡು ಅಡಿ ದಾಟುತ್ತದೆ. ಈಗಿನ 53 ಅಡಿಯದ್ದಾದರೆ ಮೂರು ಅಡಿಗೆ ಸ್ವಲ್ಪವೇ ಕಮ್ಮಿ. ಮಾಮೂಲಿ ಪುಸ್ತಕದ ಕಪಾಟಿನಲ್ಲಿ ಅಡ್ಡಡ್ಡ ಹಿಡಿಸುವುದಿಲ್ಲ. ಮನೆಯವರನ್ನು ಮೊದಲೇ ಕೇಳಿ ಗೋಡೆಯ ಮೇಲೆ ಒಂದು ಉದ್ದನೆಯ ಹಲಗೆ ಹೊಡೆಸಿಕೊಳ್ಳಿ. ಮೂರನೇ ಟ್ರಕ್ ಬಂದ ಮೇಲೆ ಕೇಳಿದರೆ ಉತ್ತರ ಬೇರೆ ಇರುತ್ತದೆ.

ಯಾವ ಗಮ್ ಬಳಸಲಿ?

ತೆಳ್ಳನೆಯ ದ್ರವದ ಸಿಮೆಂಟ್. ಟಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಹೆಚ್ಚು ಜನ ಬಳಸುವುದು. ಇದು ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಭಾಗ ಒಂದಾಗುವ ಹಾಗೆ ಮಾಡುತ್ತದೆ.

ಬಳಸುವ ರೀತಿಯೂ ಬೇರೆ. ಮೊದಲು ಗಮ್ ಹಚ್ಚಿ ಆಮೇಲೆ ಜೋಡಿಸುವುದಲ್ಲ. ಡೀಸೆಲ್ ಟ್ಯಾಂಕಿನ ಎರಡು ಅರ್ಧಗಳನ್ನೇ ತಗೊಳ್ಳಿ. ಒಣಗಿದ್ದ ಹಾಗೇ ಜೋಡಿಸಿ ಬೆರಳಲ್ಲಿ ಹಿಡಿದುಕೊಳ್ಳಿ. ಮುಚ್ಚಳದಲ್ಲಿರುವ ಸಣ್ಣ ಬ್ರಷ್‌ನ ತುದಿಯನ್ನು ಸಂದಿಗೆ ಸುಮ್ನೆ ಮುಟ್ಟಿಸಿ. ದ್ರವ ತಾನಾಗಿಯೇ ಸಂದಿಯ ಉದ್ದಕ್ಕೂ ಓಡುತ್ತದೆ. ಅರ್ಧ ನಿಮಿಷ ಬಿಟ್ಟು ಎರಡೂ ಕಡೆಯಿಂದ ಒತ್ತಿ. ಕರಗಿದ ಪ್ಲಾಸ್ಟಿಕ್ ಕೂದಲಿನಷ್ಟು ತೆಳ್ಳಗೆ ಹೊರಗೆ ಉಬ್ಬುತ್ತದೆ. ಅದನ್ನು ಒರೆಸಬೇಡಿ. ರಾತ್ರಿ ಬಿಡಿ. ಬೆಳಗ್ಗೆ ಬ್ಲೇಡಿನ ಬೆನ್ನಿನಿಂದ ಕೆರೆದು, ಎಮರಿ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿದರೆ ಜೋಡಣೆ ಎಲ್ಲಿತ್ತು ಅಂತ ಹುಡುಕಬೇಕು. ದ್ರವ ಓಡುವ ಜಾಗದಲ್ಲಿ ಬೆರಳು ಇಡಬೇಡಿ, ನಿಮ್ಮ ಬೆರಳಚ್ಚು ಟ್ಯಾಂಕಿನ ಮೇಲೆ ಶಾಶ್ವತವಾಗಿ ಉಳಿಯುತ್ತದೆ.

ಫೆವಿಕ್ವಿಕ್ ಥರದ ಸೂಪರ್ ಗ್ಲೂ ಲೋಹದ ಭಾಗಗಳಿಗೆ, ರೆಸಿನ್ (ದ್ರವವನ್ನು ಅಚ್ಚಿಗೆ ಸುರಿದು ಗಟ್ಟಿ ಮಾಡಿದ ಪ್ಲಾಸ್ಟಿಕ್) ಭಾಗಗಳಿಗೆ ಬೇಕೇ ಬೇಕು. ಆದರೆ ಕಿಟಕಿಯ ಗಾಜಿನ ಹತ್ತಿರ ತರಬೇಡಿ, ಅದರ ಆವಿಗೆ ಪಾರದರ್ಶಕ ಭಾಗ ಬೆಳ್ಳಗೆ ಮಂಜು ಹಿಡಿಯುತ್ತದೆ. ಗಾಜಿಗೆ ನಮ್ಮ ಫೆವಿಕಾಲ್ ಸಾಕು. ಹಾಕುವಾಗ ಬಿಳಿ, ಒಣಗಿದ ಮೇಲೆ ಕಾಣುವುದಿಲ್ಲ, ಹೆಚ್ಚಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ಗಮ್ ವಾಸನೆ ಬಗ್ಗೆ ಒಂದು ಮಾತು. ಅರವತ್ತರ ದಶಕದಲ್ಲಿ ಅಮೆರಿಕದ ಹುಡುಗರು ಟ್ಯೂಬ್ ಗಮ್ ಮೂಸಿ ಮತ್ತೇರಿಸಿಕೊಳ್ಳುವುದು ದೊಡ್ಡ ತಲೆನೋವಾಗಿತ್ತು. ಕೊನೆಗೆ 1969ರಲ್ಲಿ ಟೆಸ್ಟರ್ಸ್ ಕಂಪನಿ ತನ್ನ ಗಮ್‌ಗೆ ಸಾಸಿವೆಯ ಘಾಟು ಸೇರಿಸಿತು. ನೀವು ಮೂಸದಿದ್ದರೂ ಆವಿ ಒಳಗೆ ಹೋಗುತ್ತದೆ. ಕಿಟಕಿ ತೆಗೆದಿಡಿ.

ನನ್ನ ಟ್ರಕ್ ಯಾವಾಗಲೂ ಒಂದು ಗಾಲಿ ಎತ್ತಿಕೊಂಡೇ ನಿಲ್ಲುತ್ತೆ. ಯಾಕೆ?

ಇದು ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ. ಕಾರಣ ಗಾಲಿಯಲ್ಲಿ ಇಲ್ಲ, ಚಾಸಿಸ್‌ನಲ್ಲಿದೆ.

ಕಾರ್ ಕಿಟ್‌ನಲ್ಲಿ ತಳ ಒಂದೇ ತುಂಡು. ಟ್ರಕ್ ಕಿಟ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಪಟ್ಟಿ, ನಡುವೆ ಅಡ್ಡ ಪಟ್ಟಿಗಳು. ನಿಜವಾದ ಟ್ರಕ್ ಇರುವುದೂ ಹಾಗೇ. ಒಂದು ಅಡ್ಡ ಪಟ್ಟಿ ಒಂದು ಕೂದಲೆಳೆ ಓರೆಯಾದರೂ ಚೌಕಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆ ಸೊಟ್ಟ ಮೊದಲು ಕಾಣುವುದಿಲ್ಲ. ಎಂಜಿನ್ ಕೂತು, ಬಣ್ಣ ಆಗಿ, ಹತ್ತೂ ಗಾಲಿ ಹಾಕಿ ಮೇಜಿನ ಮೇಲೆ ಇಟ್ಟಾಗ ಕಾಣುತ್ತದೆ. ಅಷ್ಟು ಹೊತ್ತಿಗೆ ಏನೂ ಮಾಡುವ ಹಾಗಿರುವುದಿಲ್ಲ.

ಅದಕ್ಕೇ ಇಡೀ ಕಿಟ್‌ನಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದದ್ದು ಮೊದಲ ಎರಡು ಸಂಜೆ. ಬಣ್ಣಕ್ಕಿಂತ, ಕ್ರೋಮಿಗಿಂತ ಇದೇ ಮುಖ್ಯ ಅಂತ ನನ್ನ ಹಟ.

ಸಮತಟ್ಟಾದ ಒಂದು ಕಲ್ಲು ಬೇಕು. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಪಾಲಿಶ್ ಗ್ರಾನೈಟ್ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು, ನಮ್ಮ ಕಡೆ ಕಲ್ಲಿನಂಗಡಿಯವರು ಅದನ್ನು ಮೂಲೆಯಲ್ಲಿ ಬಿಸಾಕಿರುತ್ತಾರೆ. ಎರಡೂ ಪಟ್ಟಿಗಳನ್ನು ಅದರ ಮೇಲೆ ಮಲಗಿಸಿ, ತೂಗಾಡುತ್ತವೆಯಾ ಅಂತ ಬೆರಳಲ್ಲಿ ಒತ್ತಿ ನೋಡಿ. ತೂಗಾಡಿದರೆ ಬಿಸಿನೀರಲ್ಲಿ ಅದ್ದಿ, ಮೆಲ್ಲಗೆ ನೆಟ್ಟಗೆ ಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ಕುದಿಯುವ ನೀರು ಬೇಡ, ಆ ಬಿಸಿಗೆ ಪ್ಲಾಸ್ಟಿಕ್ ಪೂರ್ತಿ ಮೆತ್ತಗಾಗಿ ಆಕಾರವೇ ಕೆಡುತ್ತದೆ.

ಆಮೇಲೆ ಅಡ್ಡ ಪಟ್ಟಿಗಳ ತುದಿಯಲ್ಲಿ, ಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಯಿಂದ ಕತ್ತರಿಸುವಾಗ ಕಟರ್ ಬಿಟ್ಟ ಗಂಟು ಉಳಿದಿದೆಯಾ ನೋಡಿ. ಅರ್ಧ ಮಿಲಿಮೀಟರ್ ಗಂಟು ಸಾಕು ಚೌಕಟ್ಟು ಕೆಡಿಸಲು. ಎಲ್ಲ ಒಣ ಜೋಡಣೆ ಮಾಡಿ, ರಬ್ಬರ್ ಬ್ಯಾಂಡ್ ಸುತ್ತಿ, ಕಲ್ಲಿನ ಮೇಲಿಡಿ. ಮೂಲೆಗಳಿಗೆ ಬಡಗಿಯ ಸಣ್ಣದೊಂದು ಮೂಲೆಮಟ್ಟ ಅಥವಾ ಮಕ್ಕಳ ಲೆಗೋ ಇಟ್ಟಿಗೆ ಆನಿಸಿ. ಲೆಗೋ ಅಚ್ಚು ಬಹಳ ನಿಖರ, ತಮಾಷೆಗೆ ಹೇಳುತ್ತಿಲ್ಲ. ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಒಂದೇ ಬಂದ ಮೇಲೆ ಸಿಮೆಂಟ್ ಮುಟ್ಟಿಸಿ. ಒಂದು ರಾತ್ರಿ ಅದನ್ನು ಮುಟ್ಟಬೇಡಿ.

ಆಕ್ಸಲ್‌ಗಳಿಗೂ ಇದೇ. ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾಗುವ ಮುಂಚೆ ಬರೀ ಗಾಲಿ ಸಿಕ್ಕಿಸಿ ಕಲ್ಲಿನ ಮೇಲೆ ನಿಲ್ಲಿಸಿ. ಈಗ ಒಂದು ಕಾಗದದ ಚೂರು ತಗೊಂಡು ಒಂದೊಂದೇ ಟೈರ್ ಕೆಳಗೆ ತೂರಿಸಿ ನೋಡಿ. ಎಲ್ಲಿ ಸಲೀಸಾಗಿ ಹೋಗುತ್ತದೋ ಆ ಗಾಲಿ ಗಾಳಿಯಲ್ಲಿದೆ. ಅದನ್ನು ಒತ್ತಿ ಕೂರಿಸಿ, ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಮಲಗಲು ಹೋಗಿ.

ಹಳೇ ಡಬ್ಬಿ ತೆಗೆದ್ರೆ ಟೈರ್ ಮುಟ್ಟಿದ್ದ ಪ್ಲಾಸ್ಟಿಕ್ ಎಲ್ಲ ಕರಗಿದೆ!

ಟೈರ್ ವಿನೈಲ್‌ನದು. ಅದನ್ನು ಮೆತ್ತಗಿಡಲು ಹಾಕಿರುವ ಎಣ್ಣೆಯಂಥ ರಾಸಾಯನಿಕ ವರ್ಷಗಟ್ಟಲೆ ಹೊರಗೆ ಜಿನುಗುತ್ತದೆ, ಮುಟ್ಟಿದ ಪಾಲಿಸ್ಟೈರೀನನ್ನು, ಅಂದರೆ ಕಿಟ್‌ನ ಪ್ಲಾಸ್ಟಿಕ್ಕನ್ನು, ತಿನ್ನುತ್ತದೆ. ಬಾಗಿಲ ಮೇಲೋ ಗಾಜಿನ ಮೇಲೋ ಟೈರಿನ ಕಚ್ಚು ಸಮೇತ ಗುರುತು ಬಿದ್ದಿರುತ್ತದೆ. ಗಾಜಾದರೆ ತೆಳ್ಳನೆಯ ಪಾರದರ್ಶಕ ಹಾಳೆ ಕತ್ತರಿಸಿ ಹೊಸದು ಮಾಡಿ. ಕ್ಯಾಬಿನ ಭಾಗ ಆದರೆ ಪುಟ್ಟಿ ತುಂಬಿ ಉಜ್ಜಬಹುದು.

ಇನ್ನು ಮುಂದೆ ಯಾವ ಕಿಟ್ ತಂದರೂ ಮೊದಲ ಕೆಲಸ, ಟೈರುಗಳನ್ನು ಬೇರೆ ಜಿಪ್ ಕವರಿಗೆ ಹಾಕುವುದು. ಕಟ್ಟುವಾಗ ಗಾಲಿಯ ರಿಮ್ ಮೇಲೆ ಅಲ್ಯೂಮಿನಿಯಂ ಫಾಯಿಲ್‌ನ ಒಂದು ತೆಳು ಪಟ್ಟಿ ಸುತ್ತಿ ಆಮೇಲೆ ಟೈರ್ ಏರಿಸಿ. ಹೊರಗೆ ಕಾಣುವುದಿಲ್ಲ.

ಕ್ರೋಮ್ ಮಾಸಿದೆ, ಜೋಡಣೆ ಗೆರೆ ಕಾಣುತ್ತೆ. ಏನು ಮಾಡೋದು?

ಕಿಟ್‌ನ ಕ್ರೋಮ್ ಅಂದರೆ ಪ್ಲಾಸ್ಟಿಕ್ ಮೇಲೆ ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಂನ ಅತಿ ತೆಳು ಪದರ. ಬಟ್ಟೆಗೆ ಹಾಕುವ ಬ್ಲೀಚ್ ದ್ರವದಲ್ಲಿ ಮುಳುಗಿಸಿಟ್ಟರೆ ಬಿಟ್ಟುಹೋಗುತ್ತದೆ. ಕೆಳಗೆ ವಾರ್ನಿಷ್ ಪದರ ಉಳಿದರೆ ಅದನ್ನು ಉಜ್ಜಿ ತೆಗೆಯಬೇಕು. ಇಲ್ಲೊಂದು ಎಚ್ಚರಿಕೆ: ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವತ್ತೂ ಬೆರೆಸಬೇಡಿ. ಹೊರಡುವುದು ಕ್ಲೋರಿನ್ ಅನಿಲ, ಆಸ್ಪತ್ರೆ ಸೇರಿಸುತ್ತದೆ.

ಕ್ರೋಮ್ ತೆಗೆದ ಮೇಲೆ ಉದ್ದನೆಯ ಸೈಲೆನ್ಸರ್ ಕೊಳವೆಗಳ ಎರಡು ಅರ್ಧ ಸರಿಯಾಗಿ ಅಂಟಿಸಿ, ಗೆರೆ ಉಜ್ಜಿ, ಮತ್ತೆ ಹೊಳಪು ಕೊಡಬಹುದು. ಏರ್‌ಬ್ರಷ್ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಇದ್ದವರು ಹೊಳೆಯುವ ಕಪ್ಪು ಬಣ್ಣ ಹೊಡೆದು ಅದರ ಮೇಲೆ ಆಲ್‌ಕ್ಲಾಡ್ ಅನ್ನುವ ಲೋಹದ ಹೊಳಪಿನ ಬಣ್ಣ ಹೊಡೆಯುತ್ತಾರೆ. ಇಲ್ಲದವರಿಗೆ ಮೊಲೊಟೊ ಕ್ರೋಮ್ ಪೆನ್ನು ಇದೆ. ನೀವು ಬಿಟ್ಟ ಮೇಲೆ ಬಂದ ವಸ್ತುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಒಂದೇ ತೊಂದರೆ, ಒಣಗಲು ತುಂಬ ದಿನ ಬೇಕು, ಮುಟ್ಟಿದರೆ ಮಂಕಾಗುತ್ತದೆ. ಆದ್ದರಿಂದ ಕೈ ತಾಗದ ಜಾಗಕ್ಕೆ, ಕೊನೆಯಲ್ಲಿ ಬಳಸಿ.

ಇನ್ನೊಂದು ಅಭಿಪ್ರಾಯ. ಎಲ್ಲವೂ ಹೊಳೆಯಬೇಕಿಲ್ಲ. ನಿಜವಾದ ಟ್ರಕ್ಕಿನಲ್ಲಿ ಬಂಪರ್, ಸೈಲೆನ್ಸರ್ ಕ್ರೋಮ್ ಇರಬಹುದು, ಆದರೆ ಡೀಸೆಲ್ ಟ್ಯಾಂಕು, ಮೆಟ್ಟಿಲು ಸಾಮಾನ್ಯವಾಗಿ ಅಲ್ಯೂಮಿನಿಯಂ. ಎರಡರ ಹೊಳಪು ಬೇರೆ. ಈ ಒಂದು ವ್ಯತ್ಯಾಸ ತೋರಿಸಿದರೆ ಆಟಿಕೆ ಹೋಗಿ ಟ್ರಕ್ ಬರುತ್ತದೆ.

ಬಣ್ಣ ಹೊಡೆದ ಮೇಲೆ ಬೂದಿ ಬಳಿದ ಹಾಗೆ ಬೆಳ್ಳಗಾಯ್ತು.

ಮಳೆಗಾಲದಲ್ಲಿ ಹೊಡೆದಿರಿ, ಅಲ್ವಾ? ಮಂಗಳೂರು, ಕಾರವಾರ, ಮಲೆನಾಡಿನ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಖಾಯಂ. ಲ್ಯಾಕರ್ ಬಣ್ಣದ ದ್ರಾವಕ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಕೂರುತ್ತದೆ. ಫ್ಲೋರಿಡಾ, ಹ್ಯೂಸ್ಟನ್ ಕಡೆ ಇರುವವರಿಗೂ ಇದೇ ಗೋಳು. ಬಿಸಿಲು ಬಿದ್ದ ಮಧ್ಯಾಹ್ನ ಹೊಡೆಯಿರಿ, ತಡವಾಗಿ ಆರುವ ಥಿನ್ನರ್ ಸ್ವಲ್ಪ ಬೆರೆಸಿ. ಆಗಲೇ ಬೆಳ್ಳಗಾಗಿದ್ದರೆ ಒಣ ದಿನ ನೋಡಿ ಅದೇ ಥಿನ್ನರಿನ ತೆಳುವಾದ ಒಂದು ಸುತ್ತು ಹೊಡೆಯಿರಿ. ಹೆಚ್ಚಿನ ಸಲ ಸರಿಹೋಗುತ್ತದೆ.

ಏರ್‌ಬ್ರಷ್ ಕಡ್ಡಾಯ ಅಲ್ಲ. ಪ್ರೈಮರ್ ಹಾಕಿ ಸ್ಪ್ರೇ ಡಬ್ಬಿಯಲ್ಲೇ ಚಂದದ ಕ್ಯಾಬ್ ಮಾಡಬಹುದು. ಆದರೆ ಪ್ರೈಮರ್ ಕಡ್ಡಾಯ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ದ್ರಾವಕದ ಆವಿ ತಡೆಯುವ ಫಿಲ್ಟರ್ ಮಾಸ್ಕ್ ಬೇಕು.

ಹಳೇ ಡೆಕಾಲ್ ಹಳದಿಯಾಗಿದೆ, ಬಿಸಾಕಲಾ?

ತಡೆಯಿರಿ. ಜಿಪ್ ಕವರಿನಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ ಟೇಪ್‌ನಲ್ಲಿ ಅಂಟಿಸಿ ಕೆಲವು ದಿನ ಬಿಡಿ. ಹಳದಿ ಇಳಿಯುತ್ತದೆ. ಆಮೇಲೆ ಬೇಡದ ಒಂದು ಚಿಕ್ಕ ಗುರುತನ್ನು ನೀರಿಗೆ ಹಾಕಿ ನೋಡಿ. ಚೂರುಚೂರಾದರೆ ಉಳಿದ ಹಾಳೆಗೆ ಮೈಕ್ರೋಸ್ಕೇಲ್‌ನ ಲಿಕ್ವಿಡ್ ಡೆಕಾಲ್ ಫಿಲ್ಮ್ ಒಂದು ಪದರ ಬಳಿದು ಒಣಗಿಸಿ. ಪದರ ಹಾಕಿದ ಮೇಲೆ ಪ್ರತಿ ಗುರುತನ್ನೂ ಅಂಚಿಗೆ ಹತ್ತಿರ ಕತ್ತರಿಸಿಕೊಳ್ಳಬೇಕು.

ಕಣ್ಣು ಮೊದಲಿನ ಹಾಗಿಲ್ಲ, ಕೈ ನಡುಗುತ್ತೆ.

ನಲವತ್ತು ದಾಟಿದವರ ಕ್ಲಬ್ಬಿಗೆ ಸ್ವಾಗತ. ತಲೆಗೆ ಹಾಕುವ ಭೂತಗನ್ನಡಿ ತಗೊಳ್ಳಿ, ಎರಡೂ ಕಡೆಯಿಂದ ಬೆಳಕು ಬೀಳುವ ಹಾಗೆ ದೀಪ ಇಡಿ. ಮೊಣಕೈ ಮೇಜಿನ ಮೇಲೆ ಊರಿದರೆ ನಡುಕ ಅರ್ಧ ಕಮ್ಮಿ. ಕಾಫಿ ಆಮೇಲೆ.

ಇವತ್ತು ಅಮೆರಿಕದ ರಸ್ತೆಯಲ್ಲಿ ಮೂತಿ ಇಲ್ಲದ ಟ್ರಕ್ಕೇ ಕಾಣಲ್ಲ. ಕಿಟ್‌ಗಳಲ್ಲಿ ಮಾತ್ರ ಯಾಕೆ ಇಷ್ಟೊಂದು?

ನಮ್ಮ ಕಡೆ ಉಲ್ಟಾ, ಮೂತಿ ಇರುವ ಹಳೇ ಟಾಟಾ ಹೋಗಿ ಚಪ್ಪಟೆ ಮುಖದ ಲಾರಿಗಳೇ ತುಂಬಿವೆ. ಅಮೆರಿಕದಲ್ಲಿ ಎಪ್ಪತ್ತರ ದಶಕದವರೆಗೂ ಅನೇಕ ರಾಜ್ಯಗಳು ಟ್ರಕ್ ಮತ್ತು ಟ್ರೇಲರ್‌ನ ಒಟ್ಟು ಉದ್ದಕ್ಕೆ ಮಿತಿ ಹಾಕಿದ್ದವು. ಒಟ್ಟು ಉದ್ದ ಇಷ್ಟೇ ಅಂದಾಗ ಮೂತಿ ಉದ್ದವಾದಷ್ಟೂ ಸರಕಿಗೆ ಜಾಗ ಕಮ್ಮಿ. ಅದಕ್ಕೆ ಡ್ರೈವರನ್ನು ಎಂಜಿನ್ ಮೇಲೆ ಕೂರಿಸಿದರು. ಕೆನ್‌ವರ್ತ್ ಕೆ-123, ವೈಟ್ ಫ್ರೈಟ್‌ಲೈನರ್, ಪೀಟರ್‌ಬಿಲ್ಟ್ 352, ಜಿಎಂಸಿ ಆಸ್ಟ್ರೋ 95, ಶೆವರ್ಲೆ ಟೈಟನ್ 90, ಎಲ್ಲ ಆ ಲೆಕ್ಕಾಚಾರದಿಂದ ಹುಟ್ಟಿದವು. 1982ರಲ್ಲಿ ಕೇಂದ್ರ ಕಾನೂನು ಬಂದು ಮುಖ್ಯ ಹೆದ್ದಾರಿಗಳಲ್ಲಿ ಒಟ್ಟು ಉದ್ದದ ಮಿತಿ ತೆಗೆದು ಟ್ರೇಲರ್‌ನ ಉದ್ದವನ್ನಷ್ಟೇ ನೋಡಲು ಶುರು ಮಾಡಿದರು. ಆಮೇಲೆ ಡ್ರೈವರುಗಳಿಗೆ ಆರಾಮದ ಉದ್ದ ಮೂತಿಯೇ ಗೆದ್ದಿತು.

ಕಿಟ್ ಕಂಪನಿಗಳು ಅಚ್ಚು ಮಾಡಿಸಿದ್ದು ಸರಿಯಾಗಿ ಆ ಚಪ್ಪಟೆ ಮುಖಗಳ ಕಾಲದಲ್ಲಿ. 1973ರ ತೈಲ ಬಿಕ್ಕಟ್ಟು, ಗಂಟೆಗೆ 55 ಮೈಲಿಯ ಮಿತಿ, ಅದರ ವಿರುದ್ಧ ಡ್ರೈವರುಗಳ ಮುಷ್ಕರ, ಡ್ರೈವರುಗಳು ತಮ್ಮತಮ್ಮಲ್ಲೇ ಮಾತಾಡುವ ಸಿಬಿ ರೇಡಿಯೋ ಹುಚ್ಚು, ಎಲ್ಲ ಸೇರಿ ಟ್ರಕ್ ಡ್ರೈವರ್ ಅಂದರೆ ಹೀರೋ ಆಗಿದ್ದ ದಿನಗಳು. ಮಕ್ಕಳು ಕಿಟ್‌ಗೆ ಮುಗಿಬಿದ್ದರು. ಈಗ ನಮಗೆ ಸಿಗುತ್ತಿರುವುದು ಅದರ ಮರುಮುದ್ರಣ.

ಸ್ವಲ್ಪ ಹೆಚ್ಚಿನ ಕೆಲಸದಲ್ಲಿ ಜಾಸ್ತಿ ಚಂದ ಕಾಣಬೇಕು. ಏನು ಸೇರಿಸಲಿ?

ಕ್ಯಾಬಿನ ಬೆನ್ನಿನಿಂದ ಟ್ರೇಲರಿಗೆ ಹೋಗುವ ಗಾಳಿಯ ಕೊಳವೆಗಳು. ಬ್ರೇಕಿಗೆ ಗಾಳಿ ಒಯ್ಯುವವು ಎರಡು. ಕೆಂಪು ತುರ್ತು ಬ್ರೇಕಿಗೆ, ನೀಲಿ ಮಾಮೂಲಿ ಬ್ರೇಕಿಗೆ. ಜೊತೆಗೆ ದೀಪಗಳಿಗೆ ಒಂದು ವಿದ್ಯುತ್ ಕೇಬಲ್, ಸಾಮಾನ್ಯವಾಗಿ ಹಸಿರು. ಹಳೇ ಚಾರ್ಜರ್ ವೈರ್ ಬಿಚ್ಚಿದರೆ ಒಳಗೆ ಸಣ್ಣ ಬಣ್ಣದ ವೈರುಗಳು ಸಿಗುತ್ತವೆ. ಪೆನ್ಸಿಲ್‌ಗೆ ಸುತ್ತಿ ಬಿಟ್ಟರೆ ಸುರುಳಿ.

ಟೈರಿಗೆ ಅಚ್ಚ ಕಪ್ಪು ಬೇಡ, ಗಾಢ ಬೂದು ಮಾಡಿ. ಟ್ರೇಲರ್ ಕೂರುವ ಗುಂಡು ತಟ್ಟೆಗೆ, ಅಂದರೆ ಫಿಫ್ತ್ ವೀಲ್‌ಗೆ, ಗ್ರೀಸ್ ಮೆತ್ತಿದ ಹಾಗೆ ಕಪ್ಪು-ಕಂದು ಹಚ್ಚಿ. ಟ್ರೇಲರ್‌ನ ಮುಂಭಾಗದ ಭಾರ ಪೂರ್ತಿ ಅದರ ಮೇಲೆ ತಿರುಗುತ್ತದೆ, ಅದು ಶುಭ್ರವಾಗಿದ್ದರೆ ಟ್ರಕ್ ಶೋರೂಮಿನಿಂದ ಹೊರಗೇ ಬಂದಿಲ್ಲ ಅಂತ ಅರ್ಥ. ತುಕ್ಕು, ಧೂಳು ಎಲ್ಲ ಕಡೆ ಎರಚುವ ಫ್ಯಾಷನ್ ಇದೆ, ನನಗೆ ಅಷ್ಟು ಹಿಡಿಸುವುದಿಲ್ಲ. ಸಾಲ ಮಾಡಿ ಟ್ರಕ್ ಕೊಂಡ ಮಾಲೀಕ ಅದನ್ನು ತೊಳೆದು ಒರೆಸಿಯೇ ಇಟ್ಟುಕೊಳ್ಳುತ್ತಾನೆ.

ಚಿಕ್ಕವನಿದ್ದಾಗ ಕಟ್ಟಿದ್ದು ಹಾಗೇ ಇದೆ. ಎಲ್ಲ ಕಡೆ ಗಮ್. ಬಿಚ್ಚಿ ಮತ್ತೆ ಕಟ್ಟಬಹುದಾ?

ಇಂಥವಕ್ಕೆ ಈ ಹವ್ಯಾಸದವರು 'ಗ್ಲೂ ಬಾಂಬ್' ಅನ್ನುತ್ತಾರೆ. ಬಹಳಷ್ಟು ಉಳಿಸಿಕೊಳ್ಳಬಹುದು. ಒಂದು ರಾತ್ರಿ ಫ್ರೀಜರಿನಲ್ಲಿ ಇಟ್ಟು ತೆಗೆದರೆ ಹಳೇ ಗಮ್ ಪೆಡಸಾಗಿ ಕೆಲವು ಜೋಡಣೆಗಳು ಟಕ್ಕಂತ ಬಿಡುತ್ತವೆ. ಬಿಡದ ಕಡೆ ತೆಳು ಗರಗಸದಲ್ಲಿ ಕೊಯ್ಯಿರಿ. ಹಳೇ ಬಣ್ಣಕ್ಕೆ ಗಾಢ ಐಸೊಪ್ರೊಪೈಲ್ ಆಲ್ಕೋಹಾಲ್, ಜಗ್ಗದಿದ್ದರೆ ಬ್ರೇಕ್ ಆಯಿಲ್, ಕೈಗೆ ಗ್ಲೌಸ್ ಹಾಕಿಕೊಂಡು. ನೈಲ್ ಪಾಲಿಶ್ ರಿಮೂವರ್ ಮಾತ್ರ ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಬಣ್ಣದ ಜೊತೆ ಟ್ರಕ್ಕೂ ಕರಗುತ್ತದೆ.

ಕಳೆದ ಭಾಗಗಳಿಗೆ ಈಗ ರೆಸಿನ್ ಭಾಗ ಮಾರುವವರು, 3ಡಿ ಪ್ರಿಂಟ್ ಮಾಡಿಕೊಡುವವರು ಬೇಕಾದಷ್ಟು ಇದ್ದಾರೆ. ರೆಸಿನ್ ಉಜ್ಜುವಾಗ ನೀರು ಹಾಕಿಯೇ ಉಜ್ಜಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಡಬ್ಬಿ ತೆರೆಯದ ಹಳೇ ಕಿಟ್ ಇದೆ. ಮಾರಿದ್ರೆ ದುಡ್ಡು ಬರುತ್ತಾ?

ಅದೇ ಕಿಟ್ ಮತ್ತೆ ಮಾರುಕಟ್ಟೆಗೆ ಬಂದಿದ್ದರೆ ದೊಡ್ಡ ಆಸೆ ಬೇಡ. ಬಂದಿರದಿದ್ದರೆ ಕೊಳ್ಳುವವರು ಇದ್ದಾರೆ. ನನ್ನ ಮಾತು ಕೇಳುವುದಾದರೆ, ಕಟ್ಟಿ.

ಭಾರತದಲ್ಲಿ ತರಿಸಿಕೊಂಡರೆ ಯಾಕಿಷ್ಟು ದುಬಾರಿ?

ಸ್ಕೇಲ್ ಮಾಡೆಲ್ ಕಿಟ್‌ಗಳು ಸುಂಕದ ಪಟ್ಟಿಯಲ್ಲಿ ಆಟಿಕೆಗಳ ಜೊತೆಗೇ, 9503 ಅನ್ನುವ ಶೀರ್ಷಿಕೆಯಲ್ಲಿ ಬರುತ್ತವೆ. ಆಟಿಕೆಗಳ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಅದರ ಮೇಲೆ ಜಿಎಸ್‌ಟಿ, ಸಾಗಣೆ. ಟ್ರಕ್ ಕಿಟ್‌ನ ಡಬ್ಬಿ ದೊಡ್ಡದು, ಸಾಗಣೆಯೂ ಜಾಸ್ತಿ. ತರಿಸುವ ಮುಂಚೆ ಆ ವರ್ಷದ ದರ ಒಮ್ಮೆ ನೋಡಿಕೊಳ್ಳಿ, ಇಲ್ಲಿನ ಹಾಬಿ ಅಂಗಡಿಯ ಬೆಲೆಯ ಜೊತೆ ಹೋಲಿಸಿ.

ನಮ್ಮ ರಸ್ತೆಯಲ್ಲಿ ಓಡುವ ಟ್ರಕ್ ಯಾವುದಾದರೂ ಕಿಟ್‌ನಲ್ಲಿ ಸಿಗುತ್ತಾ?

ವೋಲ್ವೋ ಇದೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ 1998ರಿಂದ ವೋಲ್ವೋ ಟ್ರಕ್ ತಯಾರಾಗುತ್ತಿವೆ. ಅದೇ ಎಫ್‌ಎಚ್ ಸರಣಿಯ ಯುರೋಪಿನ ಟ್ರಕ್ಕುಗಳನ್ನು ಇಟಾಲೆರಿ 1/24ರಲ್ಲಿ ಮಾಡಿದೆ. ಸ್ಟಿಯರಿಂಗ್ ಬಲಕ್ಕೆ ತರುವ ಕೆಲಸ ಇರುತ್ತದೆ. ಹಳೇ ಟಾಟಾ, ಲೇಲ್ಯಾಂಡ್ ಬೇಕೆಂದರೆ ಎವರ್‌ಗ್ರೀನ್ ಕಂಪನಿಯ ಪ್ಲಾಸ್ಟಿಕ್ ಹಾಳೆ, ಪಟ್ಟಿ ತಂದು ಕೈಯಾರೆ ಕಟ್ಟುವುದೇ ದಾರಿ. ಮರದ ಬಾಡಿಗೆ ಐಸ್‌ಕ್ರೀಂ ಕಡ್ಡಿ ಚೆನ್ನಾಗಿ ಆಗುತ್ತದೆ.

ನಿಜವಾದ ಹಳೇ ಟ್ರಕ್ಕುಗಳನ್ನು ಹತ್ತಿರದಿಂದ ಎಲ್ಲಿ ನೋಡಬಹುದು?

ಅಮೆರಿಕದಲ್ಲಿ ಇರುವ ಕನ್ನಡಿಗರಿಗೆ ಇದು ಸುಲಭ. ಅಯೋವಾದ ವಾಲ್ಕಾಟ್‌ನಲ್ಲಿ, 80ನೇ ಅಂತರರಾಜ್ಯ ಹೆದ್ದಾರಿಯ ಪಕ್ಕದಲ್ಲೇ, 'ಅಯೋವಾ 80' ಅನ್ನುವ ಭಾರಿ ಟ್ರಕ್ ನಿಲ್ದಾಣ ಇದೆ, ಜೊತೆಗೆ ಟ್ರಕ್ ಮ್ಯೂಸಿಯಂ. ಷಿಕಾಗೋದವರು ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರಬಹುದು. ಕೆಂಟಕಿಯ ಲೂಯಿವಿಲ್‌ನಲ್ಲಿ 1972ರಲ್ಲಿ ಶುರುವಾದ ಮಿಡ್-ಅಮೆರಿಕ ಟ್ರಕಿಂಗ್ ಶೋ ಇದೆ. ಅಮೆರಿಕನ್ ಟ್ರಕ್ ಹಿಸ್ಟಾರಿಕಲ್ ಸೊಸೈಟಿಯ ಸಮಾವೇಶಕ್ಕೆ ಮಾಲೀಕರೇ ಹಳೇ ಟ್ರಕ್ ಓಡಿಸಿಕೊಂಡು ಬರುತ್ತಾರೆ. ಹೋದವರು ಮುಂದಿನ ಗ್ರಿಲ್ ಫೋಟೋ ಸಾಕು ಅನ್ನಬೇಡಿ. ಬಗ್ಗಿ ಚಾಸಿಸ್ ಫೋಟೋ ತೆಗೆಯಿರಿ, ಕ್ಯಾಬಿನ ಬೆನ್ನು, ಬ್ಯಾಟರಿ ಡಬ್ಬಿ, ಕೊಳವೆಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅಂತ. ಮುಂಭಾಗದ ಫೋಟೋ ಎಲ್ಲೆಡೆ ಸಿಗುತ್ತದೆ, ಬೆನ್ನಿನದು ಸಿಗುವುದಿಲ್ಲ.

ಅಲ್ಲಿ ಕಟ್ಟಿದ್ದನ್ನು ಊರಿಗೆ ತರೋದು ಹೇಗೆ?

ಟ್ರ್ಯಾಕ್ಟರ್, ಟ್ರೇಲರ್ ಬೇರೆ ಬೇರೆ ಪ್ಯಾಕ್ ಮಾಡಿ. ಕನ್ನಡಿ, ಹಾರ್ನ್, ಸೈಲೆನ್ಸರ್ ಮೊದಲು ಮುರಿಯುವವು. ಊರಿಗೆ ತರುವ ಯೋಚನೆ ಇದ್ದರೆ ಕಟ್ಟುವಾಗಲೇ ಅವುಗಳ ತಳಕ್ಕೆ ಸಣ್ಣ ತಂತಿ ಕೂರಿಸಿ, ತೂತಿಗೆ ಸಿಕ್ಕಿಸುವ ಹಾಗೆ ಮಾಡಿ, ಅಂಟಿಸಬೇಡಿ. ಗಾಲಿಗಳ ಮೇಲೆ ಭಾರ ಬೀಳದ ಹಾಗೆ ಚಾಸಿಸ್ ಕೆಳಗೆ ಸ್ಪಂಜ್ ಕೊಟ್ಟು, ಟ್ರ್ಯಾಕ್ಟರನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಣ್ಣದ ಸ್ಪ್ರೇ ಡಬ್ಬಿ, ಥಿನ್ನರ್, ದ್ರವದ ಸಿಮೆಂಟ್ ವಿಮಾನದಲ್ಲಿ ಒಯ್ಯುವ ಹಾಗಿಲ್ಲ, ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. ಅವನ್ನು ಇಲ್ಲೇ ಕೊಳ್ಳಿ.